ಸಂಜೀವ ರೆಡ್ಡಿ 1969ರಲ್ಲಿ ಸೋತದ್ದು ಹೇಗೆ, 1979ರಲ್ಲಿ ಮಾಡಿದ್ದು ಸರಿಯೇ?

ಪ್ರಶ್ನೆ: ನಮ್ಮದು ಗೌರಿಬಿದನೂರು. ನೀಲಂ ಸಂಜೀವ ರೆಡ್ಡಿಯವರ ಮಾತು ಬಂದಾಗಲೆಲ್ಲ ನಮ್ಮ ತಾತ "ಸ್ವಂತ ಪಕ್ಷದವರೇ ಸೋಲಿಸಿದ ಮನುಷ್ಯ ಕಣೋ" ಅನ್ನುತ್ತಿದ್ದರು. ಈಗ ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಗೈಡುಗಳಲ್ಲಿ ಅವರ ಬಗ್ಗೆ ಇರುವುದು "ಅವಿರೋಧವಾಗಿ ಆಯ್ಕೆಯಾದ ರಾಷ್ಟ್ರಪತಿ" ಎಂಬ ಒಂದೇ ಸಾಲು. 1969ರಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಸೋತದ್ದು ಹೇಗೆ? 1979ರಲ್ಲಿ ಅವರು ಲೋಕಸಭೆ ವಿಸರ್ಜಿಸಿದ್ದು ಸರಿಯೇ? ಬೆಂಗಳೂರಿನ ಕಲ್ಪಳ್ಳಿಯಲ್ಲಿ ಇರುವುದು ಅವರದೇ ಸಮಾಧಿಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಹೌದು, ಕಲ್ಪಳ್ಳಿಯಲ್ಲಿ ಇರುವುದು ಅವರದೇ ಸಮಾಧಿ.

ಇನ್ನು ನಿಮ್ಮ ತಾತನ ಮಾತು. ರಾಜ್ಯಶಾಸ್ತ್ರ ಪಾಠ ಮಾಡುತ್ತಾ ಬಂದಿರುವ ನನಗೆ ಈ ಮಾತು ಹೊಸದಲ್ಲ. ಸಂಜೀವ ರೆಡ್ಡಿ ಅಂದ ಕೂಡಲೇ ಎಲ್ಲರ ಬಾಯಲ್ಲೂ 1969 ಬರುತ್ತದೆ. ಆದರೆ ಆ ವರ್ಷ ಅವರು ತಾವಾಗಿ ಮಾಡಿದ್ದು ಕಡಿಮೆ. ಅವರ ಹೆಸರು ಮುಂದಿಟ್ಟುಕೊಂಡು ಬೇರೆಯವರು ಮಾಡಿದ್ದೇ ಜಾಸ್ತಿ. ಅವರೇ ಕೂತು, ಯೋಚಿಸಿ, ಸಹಿ ಹಾಕಿದ ದೊಡ್ಡ ತೀರ್ಮಾನ 1979ರದ್ದು. ಅವರನ್ನು ಅಳೆಯಬೇಕಾದರೆ ಅದರಿಂದಲೇ ಅಳೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಮೊದಲು ಅವರ ದಾರಿ ಸ್ವಲ್ಪ ನೋಡೋಣ.

ಅವರು ಹುಟ್ಟಿದ್ದು 1913ರ ಮೇ 19ರಂದು, ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ. ನಿಮ್ಮೂರಿಗೆ ದೂರದ ಸೀಮೆಯೇನಲ್ಲ. ಅದೇ ಮಳೆ ಕಾಣದ ನೆಲ, ಅದೇ ಕಡಲೆಕಾಯಿ ಹೊಲ. ಮದರಾಸಿನ ಅಡ್ಯಾರಿನ ಥಿಯಸಾಫಿಕಲ್ ಶಾಲೆಯಲ್ಲಿ ಓದಿ, ಅನಂತಪುರದ ಕಾಲೇಜಿಗೆ ಸೇರಿದರು. 1929ರಲ್ಲಿ ಗಾಂಧೀಜಿ ಅನಂತಪುರಕ್ಕೆ ಬಂದು ಹೋದದ್ದು ಈ ಹುಡುಗನ ಮನಸ್ಸನ್ನು ತಿರುಗಿಸಿತು. 1931ರಲ್ಲಿ ಓದು ಅರ್ಧಕ್ಕೇ ಬಿಟ್ಟು ಚಳವಳಿಗೆ ಇಳಿದರು. ಡಿಗ್ರಿ ಕೈಗೆ ಬರಲೇ ಇಲ್ಲ. 25 ವರ್ಷಕ್ಕೆ ಆಂಧ್ರ ಪ್ರಾಂತೀಯ ಕಾಂಗ್ರೆಸ್ಸಿನ ಕಾರ್ಯದರ್ಶಿಯಾಗಿ, ಆ ಜಾಗದಲ್ಲಿ ಹತ್ತು ವರ್ಷ ಇದ್ದರು.

1942ರ ಆಗಸ್ಟ್‌ನಲ್ಲಿ ಅವರನ್ನು ಹಿಡಿದು ಅಮರಾವತಿ ಜೈಲಿಗೆ ಹಾಕಿದರು. ಅಲ್ಲಿ ಜೊತೆಗಿದ್ದವರ ಹೆಸರು ಕೇಳಿ: ಟಿ. ಪ್ರಕಾಶಂ, ಎಸ್. ಸತ್ಯಮೂರ್ತಿ, ಕೆ. ಕಾಮರಾಜ್, ಮತ್ತೆ ವಿ.ವಿ. ಗಿರಿ. ಈ ಹೆಸರುಗಳಲ್ಲಿ ಕೊನೆಯ ಎರಡನ್ನು ನೆನಪಿಟ್ಟುಕೊಳ್ಳಿ. 27 ವರ್ಷಗಳ ನಂತರ ಕಾಮರಾಜ್ ಇವರ ಪರ ನಿಂತರು, ಗಿರಿ ಇವರ ಎದುರು ನಿಂತರು.

ಸ್ವಾತಂತ್ರ್ಯದ ಹೊತ್ತಿಗೆ ಮದರಾಸಿನ ಶಾಸಕರಾಗಿದ್ದರು, ಸಂವಿಧಾನ ರಚನಾ ಸಭೆಯ ಸದಸ್ಯರೂ ಆದರು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅನಂತಪುರದಲ್ಲೇ ಸೋತರು. ಸೋಲಿಸಿದವರು ಕಮ್ಯುನಿಸ್ಟ್ ನಾಯಕ ತರಿಮೆಲ ನಾಗಿ ರೆಡ್ಡಿ, ಇವರ ನೆಂಟರೇ. ಹಾಗಾಗಿ ಸೋಲು ಅವರಿಗೆ 1969ರಲ್ಲಿ ಹೊಸದಾಗಿ ಬಂದದ್ದಲ್ಲ.

1956ರ ನವೆಂಬರ್ 1 ನಮಗೆಲ್ಲ ಗೊತ್ತಿರುವ ದಿನ. ಅಂದು ಇಲ್ಲಿ ವಿಶಾಲ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಎಸ್. ನಿಜಲಿಂಗಪ್ಪ ಪ್ರಮಾಣ ವಚನ ತೆಗೆದುಕೊಂಡರು. ಅದೇ ದಿನ ಹೈದರಾಬಾದಿನಲ್ಲಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾಗಿ ಸಂಜೀವ ರೆಡ್ಡಿ ಪ್ರಮಾಣ ವಚನ ತೆಗೆದುಕೊಂಡರು. ನಾಗಾರ್ಜುನ ಸಾಗರ, ಶ್ರೀಶೈಲದಂಥ ಕೆಲಸಗಳು ನಡೆದದ್ದು ಅವರ ಕಾಲದಲ್ಲಿ. ಒಂದು ತಪ್ಪನ್ನೂ ಹೇಳಬೇಕು. ತೆಲಂಗಾಣ ಸೇರುವಾಗ ಆದ ಒಪ್ಪಂದದ ಪ್ರಕಾರ, ಮುಖ್ಯಮಂತ್ರಿ ಆಂಧ್ರದವರಾದರೆ ಉಪಮುಖ್ಯಮಂತ್ರಿ ತೆಲಂಗಾಣದವರಾಗಬೇಕಿತ್ತು. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ರೆಡ್ಡಿಯವರೂ ಒಬ್ಬರು. ಆದರೂ ತಮ್ಮ ಸಂಪುಟದಲ್ಲಿ ಉಪಮುಖ್ಯಮಂತ್ರಿಯನ್ನು ಇಟ್ಟುಕೊಳ್ಳಲಿಲ್ಲ. ಸ್ವತಃ ಎರಡು ಸಲ ಉಪಮುಖ್ಯಮಂತ್ರಿಯಾಗಿದ್ದವರು ಹೀಗೆ ಮಾಡಬಾರದಿತ್ತು. ತೆಲಂಗಾಣದವರು ಈ ನೋವನ್ನು ಬಹಳ ಕಾಲ ಮರೆಯಲಿಲ್ಲ.

1960ರಲ್ಲಿ ಅವರು ಮುಖ್ಯಮಂತ್ರಿ ಸ್ಥಾನ ಬಿಟ್ಟು ಕಾಂಗ್ರೆಸ್ ಅಧ್ಯಕ್ಷರಾದರು. ಅಧ್ಯಕ್ಷತೆ ವಹಿಸಿದ ಮೊದಲ ಅಧಿವೇಶನ ನಡೆದದ್ದು ಬೆಂಗಳೂರಿನಲ್ಲಿ. ಅವರ ಜಾಗಕ್ಕೆ ಬಂದವರು ದಾಮೋದರಂ ಸಂಜೀವಯ್ಯ, ದೇಶದ ಮೊದಲ ದಲಿತ ಮುಖ್ಯಮಂತ್ರಿ. 1962ರಲ್ಲಿ ರೆಡ್ಡಿ ಮತ್ತೆ ಮುಖ್ಯಮಂತ್ರಿಯಾದರು. 1964ರಲ್ಲಿ ರಾಜೀನಾಮೆ ಕೊಟ್ಟರು. ಈ ರಾಜೀನಾಮೆಯ ಕಥೆ ತಿಳಿದವರು ಕಡಿಮೆ.

ಕರ್ನೂಲು ಜಿಲ್ಲೆಯ ಖಾಸಗಿ ಬಸ್ ಮಾರ್ಗಗಳನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತ್ತು. "ನಾವು ಮುಖ್ಯಮಂತ್ರಿಗೆ ರಾಜಕೀಯವಾಗಿ ಆಗದವರು, ಅದಕ್ಕೇ ನಮ್ಮ ಮಾರ್ಗಗಳಿಗೆ ಮೊದಲು ಕೈ ಹಾಕಿದ್ದಾರೆ" ಎಂಬುದು ಬಸ್ ಮಾಲೀಕರ ದೂರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಆರೋಪ ಇದ್ದದ್ದು ನೇರವಾಗಿ ಮುಖ್ಯಮಂತ್ರಿಯ ಮೇಲೆ. ಅದನ್ನು ಅಲ್ಲಗಳೆದು ಅವರು ಅಫಿಡವಿಟ್ ಹಾಕಲಿಲ್ಲ. ಕೋರ್ಟು ಇದನ್ನೇ ಎತ್ತಿ ಹೇಳಿ, ತೀರ್ಪನ್ನು ಮಾಲೀಕರ ಪರ ಕೊಟ್ಟಿತು. ರೆಡ್ಡಿ ಕುರ್ಚಿ ಬಿಟ್ಟರು. ಅವರಲ್ಲಿ ತಪ್ಪೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಒಂದು ತೀರ್ಪಿನ ಕೆಲವು ಸಾಲಿಗೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಮಾತ್ರ ಇಂದಿಗೂ ಎದ್ದು ಕಾಣುವ ನಡೆ.

ಆಮೇಲೆ ದಿಲ್ಲಿ. ಶಾಸ್ತ್ರಿಯವರ ಸಂಪುಟದಲ್ಲಿ ಉಕ್ಕು ಮತ್ತು ಗಣಿ ಖಾತೆ, ಇಂದಿರಾ ಗಾಂಧಿಯವರ ಸಂಪುಟದಲ್ಲಿ ಸಾರಿಗೆ, ವಿಮಾನಯಾನ. 1967ರಲ್ಲಿ ಹಿಂದೂಪುರದಿಂದ ಲೋಕಸಭೆಗೆ ಗೆದ್ದು ಸ್ಪೀಕರ್ ಆದರು. ಆದ ಕೂಡಲೇ ಕಾಂಗ್ರೆಸ್ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಸ್ಪೀಕರ್ ಪಕ್ಷ ಬಿಡಲೇಬೇಕು ಅಂತ ನಿಯಮವೇನೂ ಇಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ ಸಂಸತ್ತಿನ ಸಮಿತಿ ರಚನೆಯಾದದ್ದೂ ಅವರ ಅವಧಿಯಲ್ಲೇ.

ಈಗ 1969ಕ್ಕೆ ಬರೋಣ.

ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಕಾಂಗ್ರೆಸ್ಸಿನ ಒಳಗೆ ಆಗಲೇ ಬಿರುಕು ಬಿಟ್ಟಿತ್ತು. ಒಂದು ಕಡೆ ಪ್ರಧಾನಿ ಇಂದಿರಾ ಗಾಂಧಿ. ಇನ್ನೊಂದು ಕಡೆ ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪ, ಕಾಮರಾಜ್, ಎಸ್.ಕೆ. ಪಾಟೀಲ್ ಮೊದಲಾದ ಹಿರಿಯರು, ಅಂದರೆ ಪತ್ರಿಕೆಗಳು ಸಿಂಡಿಕೇಟ್ ಅಂತ ಕರೆಯುತ್ತಿದ್ದ ಗುಂಪು.

ಜುಲೈನಲ್ಲಿ ಇಡೀ ಕಾಂಗ್ರೆಸ್ ಬೆಂಗಳೂರಿಗೆ ಬಂತು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಸಭೆ. ನಾವೆಲ್ಲ ಫಲಪುಷ್ಪ ಪ್ರದರ್ಶನಕ್ಕೆ ಸಾಲು ನಿಲ್ಲುತ್ತೇವಲ್ಲ, ಅದೇ ಗಾಜಿನ ಮನೆ. ಬ್ಯಾಂಕ್ ರಾಷ್ಟ್ರೀಕರಣದಂಥ ವಿಷಯಗಳಿದ್ದ ಇಂದಿರಾ ಅವರ ಟಿಪ್ಪಣಿ ಅಲ್ಲಿಗೇ ಬಂದದ್ದು. ರಾಷ್ಟ್ರಪತಿ ಅಭ್ಯರ್ಥಿ ಯಾರು ಎಂದು ಪಕ್ಷದ ಸಂಸದೀಯ ಮಂಡಳಿ ಕೂತು ತೀರ್ಮಾನಿಸಿದ್ದೂ ಬೆಂಗಳೂರಿನಲ್ಲೇ. ಇಂದಿರಾ ಹೇಳಿದ ಹೆಸರು ಜಗಜೀವನ್ ರಾಂ. ಮಂಡಳಿಯ ಬಹುಮತ ಹೋದದ್ದು ಸಂಜೀವ ರೆಡ್ಡಿ ಕಡೆ. ಪ್ರಧಾನಿ ಮಂಡಳಿಯಲ್ಲಿ ಸೋತರು.

ಮುಂದಿನದೆಲ್ಲ ಕೆಲವೇ ದಿನಗಳಲ್ಲಿ ನಡೆದುಹೋಯಿತು. ಜುಲೈ 16ರಂದು ಇಂದಿರಾ ಅವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ. ಅದೇ ದಿನ ರೆಡ್ಡಿ ಸ್ಪೀಕರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮರುದಿನ ಗಿರಿ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾದರು. ರಾಷ್ಟ್ರಪತಿ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ. ಇಂಥ ಹೊತ್ತಿಗೆ ಮುಖ್ಯ ನ್ಯಾಯಮೂರ್ತಿ ಆ ಕೆಲಸ ನೋಡಿಕೊಳ್ಳಬೇಕು ಎಂಬ ಕಾನೂನು ಅದೇ ಮೇ ತಿಂಗಳಲ್ಲಿ ಆಗಿತ್ತು. ಹಾಗಾಗಿ ಎಂ. ಹಿದಾಯತುಲ್ಲಾ ರಾಷ್ಟ್ರಪತಿ ಭವನಕ್ಕೆ ಬಂದರು.

ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಇಂದಿರಾ ಅವರೇ ಸಹಿ ಹಾಕಿದ್ದರು. ಮತ್ತೆ ಎಲ್ಲಿ ತಪ್ಪಿತು? ಇದಕ್ಕೆ ಮತ ಎಣಿಸುವ ವಿಧಾನ ಗೊತ್ತಿರಬೇಕು. ತರಗತಿಯಲ್ಲಿ ನಾನು ಇದನ್ನು ಕಪ್ಪು ಹಲಗೆ ಮೇಲೆ ಬರೆದೇ ತೋರಿಸುತ್ತೇನೆ. ನೀವೂ ಒಂದು ಹಾಳೆ ತೆಗೆದುಕೊಳ್ಳಿ.

ಈ ಚುನಾವಣೆಯಲ್ಲಿ ಓಟು ಹಾಕುವವರು ಚುನಾಯಿತ ಸಂಸದರು ಮತ್ತು ಶಾಸಕರು. ಒಬ್ಬೊಬ್ಬರ ಮತಕ್ಕೂ ಒಂದು ಮೌಲ್ಯ ಇರುತ್ತದೆ. ಈಗಿನ ಲೆಕ್ಕ ಹೇಳುತ್ತೇನೆ. ಕರ್ನಾಟಕದ 1971ರ ಜನಸಂಖ್ಯೆ 2,92,99,014. ಅದನ್ನು 224 ಶಾಸಕರಿಂದ ಭಾಗಿಸಿ, ಮತ್ತೆ 1000ದಿಂದ ಭಾಗಿಸಿ. 130.8 ಬರುತ್ತದೆ. ಅದನ್ನು 131 ಅಂತ ಹಿಡಿಯುತ್ತಾರೆ. ನಮ್ಮ ಒಬ್ಬ ಶಾಸಕರ ಮತ ಅಂದರೆ 131. ಮತಪತ್ರದಲ್ಲಿ ಅಭ್ಯರ್ಥಿಗಳ ಎದುರು 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು. ಅರ್ಧಕ್ಕಿಂತ ಜಾಸ್ತಿ ಬಂದವರು ಗೆದ್ದ ಹಾಗೆ. ಯಾರಿಗೂ ಬರದಿದ್ದರೆ ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆಯುತ್ತಾ, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದ ಪ್ರಕಾರ ಹಂಚುತ್ತಾ ಹೋಗುತ್ತಾರೆ. ಮತದಾನ ಗುಟ್ಟಿನದು, ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಕೊಟ್ಟು ಯಾರನ್ನೂ ಕಟ್ಟಿಹಾಕಲು ಆಗುವುದಿಲ್ಲ.

1969ರಲ್ಲಿ ಕಣದಲ್ಲಿ 15 ಜನ ಇದ್ದರು. ಲೆಕ್ಕಕ್ಕೆ ಬಂದವರು ಮೂವರು. ಮೂರನೆಯವರು ಸಿ.ಡಿ. ದೇಶಮುಖ್, ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ಹಿಂದಿನ ಹಣಕಾಸು ಸಚಿವ. ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ಅಭ್ಯರ್ಥಿ. ಮೂವರಿದ್ದರೆ ಮೊದಲ ಸುತ್ತಿನಲ್ಲೇ ತೀರ್ಮಾನ ಆಗುವುದು ಕಷ್ಟ. ಆದ್ದರಿಂದ ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ನಾಯಕರ ಜೊತೆ ಮಾತಾಡಿದರು. ಎರಡನೇ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡಿ ಅನ್ನುವುದು ಅವರ ಕೋರಿಕೆ.

ಇಂದಿರಾ ಕಡೆಯವರಿಗೆ ಇದೇ ಆಯುಧವಾಯಿತು. ಜಗಜೀವನ್ ರಾಂ, ಫಕ್ರುದ್ದೀನ್ ಅಲಿ ಅಹಮದ್ ಇಬ್ಬರೂ ಪಕ್ಷದ ಅಧ್ಯಕ್ಷರಿಗೆ ಪತ್ರ ಬರೆದು, ಜನಸಂಘದ ಜೊತೆ ಮಾತಾಡಿದ್ದೇಕೆ ಎಂದು ಕೇಳಿದರು. ರೆಡ್ಡಿಯವರಿಗೇ ಮತ ಹಾಕಿ ಎಂದು ಹೇಳಲು ಪ್ರಧಾನಿ ಒಪ್ಪಲಿಲ್ಲ. ಆತ್ಮಸಾಕ್ಷಿಯಂತೆ ಮತ ಹಾಕಿ ಎಂಬ ಕರೆ ಹೊರಟಿತು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಗೆಲ್ಲಲು ಬೇಕಿದ್ದದ್ದು 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769. ಯಾರೂ ಗೆಲ್ಲಲಿಲ್ಲ. ಕೆಳಗಿನವರನ್ನು ತೆಗೆದು, ಕೊನೆಗೆ ದೇಶಮುಖ್ ಅವರ ಮತಪತ್ರಗಳನ್ನೂ ಹಂಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650.

ಈಗ ಕಳೆದು ನೋಡಿ. ಮೊದಲ ಎಣಿಕೆಯಾದ ಮೇಲೆ ಹಂಚಿಕೆಯಲ್ಲಿ ಗಿರಿಯವರಿಗೆ ಸಿಕ್ಕಿದ್ದು 18,562. ರೆಡ್ಡಿಯವರಿಗೆ ಸಿಕ್ಕಿದ್ದು 91,879. ಅಂದರೆ ಹಂಚಿಕೆಯಾದ ಮತಗಳಲ್ಲಿ 100ಕ್ಕೆ 83 ರೆಡ್ಡಿಯವರಿಗೇ ಬಂದವು. ನಿಜಲಿಂಗಪ್ಪನವರು ಕೇಳಿದ ಎರಡನೇ ಪ್ರಾಶಸ್ತ್ಯದ ಮತಗಳು ಸುಳ್ಳಾಗಲಿಲ್ಲ, ಬಂದವು. ಆದರೆ ಆ ಮಾತುಕತೆಯ ನೆಪದಲ್ಲಿ ಕಾಂಗ್ರೆಸ್ಸಿನ ಎಷ್ಟೋ ಜನ ಮೊದಲ ಪ್ರಾಶಸ್ತ್ಯವನ್ನೇ ಗಿರಿಯವರಿಗೆ ಕೊಟ್ಟರು. ಮೊದಲ ಸುತ್ತಿನಲ್ಲೇ 87,967 ಹಿಂದೆ ಬಿದ್ದವರು 73,317ರಷ್ಟು ಮೇಲೆದ್ದು ಬಂದರೂ ಸಾಲಲಿಲ್ಲ. ಹೊರಗಿನಿಂದ ಮತ ತರಲು ಹೋಗಿ ಮನೆಯೊಳಗಿನ ಮತ ಕಳೆದುಕೊಂಡರು. ನಿಮ್ಮ ತಾತ ಹೇಳಿದ "ಸ್ವಂತ ಪಕ್ಷದವರೇ ಸೋಲಿಸಿದರು" ಎಂಬ ಮಾತು ಈ ಅಂಕಿಗಳಲ್ಲೇ ಇದೆ.

ಇನ್ನೊಂದು ಬೇಸರದ ವಿಷಯ. ಮತದಾನಕ್ಕೆ ಮೊದಲು ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ರೆಡ್ಡಿಯವರ ಚಾರಿತ್ರ್ಯಕ್ಕೆ ಮಸಿ ಬಳಿಯುವ ಹೆಸರಿಲ್ಲದ ಕರಪತ್ರ ಹಂಚಲಾಗಿತ್ತು. ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದಾಗ ಈ ಕರಪತ್ರವೂ ವಿಚಾರಣೆಗೆ ಬಂತು. ರಾಷ್ಟ್ರಪತಿ ಸ್ಥಾನದಲ್ಲಿದ್ದ ಗಿರಿ ತಾವೇ ಬಂದು ಸಾಕ್ಷಿ ಹೇಳಿದರು. ಅರ್ಜಿಗಳು ವಜಾ ಆದವು. ಆ ಕೊಳಕು ಹಾಳೆಯ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ನವೆಂಬರ್‌ನಲ್ಲಿ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಕಾಂಗ್ರೆಸ್ ಎರಡಾಯಿತು. 1971ರ ಚುನಾವಣೆಯಲ್ಲೂ ರೆಡ್ಡಿ ಸೋತು, ಊರಿಗೆ ಹೋಗಿ ಬೇಸಾಯ ಹಿಡಿದರು. 1975ರ ಮೇ 1ರಂದು ಹೈದರಾಬಾದಿನಲ್ಲಿ ಜಯಪ್ರಕಾಶ ನಾರಾಯಣರ ಜೊತೆ ಸಭೆಯಲ್ಲಿ ಮಾತಾಡುವ ತನಕ ಅವರು ರಾಜಕೀಯದಿಂದ ದೂರವೇ ಇದ್ದರು.

1977ರ ಮಾರ್ಚ್. ಉತ್ತರದಲ್ಲಿ ಇಂದಿರಾ ಪಕ್ಷ ನೆಲಕಚ್ಚಿದರೂ ಆಂಧ್ರದಲ್ಲಿ 42ರಲ್ಲಿ 41 ಸ್ಥಾನ ಕಾಂಗ್ರೆಸ್ಸಿಗೇ ಹೋಯಿತು. ಉಳಿದ ಆ ಒಂದು ನಂದ್ಯಾಲ. ಅಲ್ಲಿ ಜನತಾ ಪಕ್ಷದಿಂದ ಗೆದ್ದವರು ಸಂಜೀವ ರೆಡ್ಡಿ. ಸೋತವರು ಪೆಂಡೆಕಂಟಿ ವೆಂಕಟಸುಬ್ಬಯ್ಯ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಮಾರ್ಚ್ 26ರಂದು ರೆಡ್ಡಿ ಮತ್ತೆ ಸ್ಪೀಕರ್ ಆದರು. ಫೆಬ್ರವರಿ 11ರಂದೇ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಿದ್ದರು. ಆಗಿನ ಹಂಗಾಮಿ ರಾಷ್ಟ್ರಪತಿ ನಮ್ಮವರೇ, ಜಮಖಂಡಿ ಕಡೆಯ ಸಾವಳಗಿಯ ಬಿ.ಡಿ. ಜತ್ತಿ. ಆರು ತಿಂಗಳೊಳಗೆ ಹೊಸ ರಾಷ್ಟ್ರಪತಿ ಬರಬೇಕು ಅನ್ನುತ್ತದೆ ಸಂವಿಧಾನ. ಜನತಾ ಸರ್ಕಾರದ ಪ್ರಧಾನಿ ಮೊರಾರ್ಜಿಯವರಿಗೆ ಮೊದಲು ಹೊಳೆದ ಹೆಸರು ಕಲಾಕ್ಷೇತ್ರದ ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್. ಅವರು ಒಲ್ಲೆ ಅಂದರು. ಕೊನೆಗೆ ಎಲ್ಲ ಪಕ್ಷಗಳೂ, ಕಾಂಗ್ರೆಸ್ ಕೂಡ, ರೆಡ್ಡಿಯವರ ಹೆಸರಿಗೆ ಒಪ್ಪಿದವು. ನಾಮಪತ್ರ ಹಾಕಿದವರು 37 ಜನ. 36 ನಾಮಪತ್ರಗಳು ತಿರಸ್ಕೃತವಾದವು. ಹಿಂದೆಲ್ಲ ಒಬ್ಬ ಸೂಚಕ, ಒಬ್ಬ ಅನುಮೋದಕ ಇದ್ದರೆ ಸಾಕಿತ್ತು. 1974ರ ತಿದ್ದುಪಡಿ ತಲಾ ಹತ್ತು ಜನ ಬೇಕು ಅಂತ ಮಾಡಿತ್ತು. ಸುಮ್ನೆ ಹೆಸರಿಗಾಗಿ ನಿಲ್ಲುವವರಿಗೆ ಅದರಿಂದ ಬಾಗಿಲು ಮುಚ್ಚಿತ್ತು. ನಿಮ್ಮ ಗೈಡಿನ ಆ ಒಂದು ಸಾಲು ಬಂದದ್ದು ಹೀಗೆ.

1977ರ ಜುಲೈ 25ರಂದು ಪ್ರಮಾಣ ವಚನ. ಆಮೇಲಿನ ರಾಷ್ಟ್ರಪತಿಗಳೆಲ್ಲ ಜುಲೈ 25ರಂದೇ ಅಧಿಕಾರ ವಹಿಸಿಕೊಳ್ಳುತ್ತಿರುವುದು ಅಂದಿನಿಂದ. ಆಗ ಅವರಿಗೆ 64 ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ರಾಷ್ಟ್ರಪತಿಯಾದ ದಾಖಲೆ 2022ರವರೆಗೂ ಅವರದೇ ಆಗಿತ್ತು. ದ್ರೌಪದಿ ಮುರ್ಮು ಅದನ್ನು ಒಂದು ತಿಂಗಳ ಅಂತರದಲ್ಲಿ ಮುರಿದರು. ಪರೀಕ್ಷೆಗೆ ಇನ್ನೊಂದು: ಲೋಕಸಭೆಯ ಸ್ಪೀಕರ್ ಆಗಿದ್ದು ರಾಷ್ಟ್ರಪತಿಯಾದವರು ಇವರೊಬ್ಬರೇ. ಸ್ವಾತಂತ್ರ್ಯದ 30ನೇ ವರ್ಷದ ಹೊತ್ತಿಗೆ, ಬಡವರ ದೇಶದಲ್ಲಿ ಇಷ್ಟು ಸಂಬಳ ಬೇಡ ಎಂದು ತಮ್ಮ ಸಂಬಳದಲ್ಲಿ ಶೇ. 70 ಬಿಟ್ಟುಕೊಡುವುದಾಗಿ ಹೇಳಿದರು. ಆಗ ರಾಷ್ಟ್ರಪತಿಯ ಸಂಬಳ ತಿಂಗಳಿಗೆ 10,000 ರೂಪಾಯಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, 1979.

ಜುಲೈ 15ರಂದು ಮೊರಾರ್ಜಿ ರಾಜೀನಾಮೆ ಕೊಟ್ಟರು. ಜನತಾ ಪಕ್ಷ ಒಡೆದಿತ್ತು. ಅವಿಶ್ವಾಸ ನಿರ್ಣಯ ತಂದಿದ್ದ ವಿರೋಧ ಪಕ್ಷದ ನಾಯಕ ವೈ.ಬಿ. ಚವಾಣ್ ಅವರನ್ನು ರಾಷ್ಟ್ರಪತಿ ಸರ್ಕಾರ ರಚಿಸಲು ಮೊದಲು ಕರೆದರು. ಅವರ ಕೈಲಿ ಆಗಲಿಲ್ಲ. ಆಮೇಲೆ ಮೊರಾರ್ಜಿ ಮತ್ತು ಜನತಾ ಪಕ್ಷದಿಂದ ಒಡೆದು ಹೋದ ಬಣದ ನಾಯಕ ಚರಣ್ ಸಿಂಗ್ ಇಬ್ಬರಿಂದಲೂ ಬೆಂಬಲಿಗರ ಪಟ್ಟಿ ಕೇಳಿದರು. ರಾಷ್ಟ್ರಪತಿ ಭವನದಲ್ಲಿ ಹೆಸರುಗಳ ಎಣಿಕೆ ನಡೆಯಿತು. ಚರಣ್ ಸಿಂಗ್ ಅವರ ಪಟ್ಟಿ ಉದ್ದವಾಗಿತ್ತು. ಜುಲೈ 28ರಂದು ಅವರು ಪ್ರಧಾನಿಯಾದರು. ಆದಷ್ಟು ಬೇಗ ಸದನದಲ್ಲಿ ವಿಶ್ವಾಸ ಪಡೆಯಿರಿ ಎಂದು ರೆಡ್ಡಿ ಹೇಳಿದ್ದರು.

ಇಲ್ಲಿಯ ತನಕ ನನಗೆ ತಕರಾರಿಲ್ಲ. ಯಾರಿಗೂ ಸ್ಪಷ್ಟ ಬಹುಮತ ಇಲ್ಲದಿದ್ದಾಗ ರಾಷ್ಟ್ರಪತಿ ಯಾರನ್ನಾದರೂ ಒಬ್ಬರನ್ನು ಕರೆಯಲೇಬೇಕು. ಸದನದ ಪರೀಕ್ಷೆಯ ಷರತ್ತು ಹಾಕಿದ್ದಂತೂ ಸರಿಯಾದ ಕೆಲಸ.

ಆಗಸ್ಟ್ 20ರಂದು ಲೋಕಸಭೆ ಸೇರಬೇಕಿತ್ತು. ಅಷ್ಟರಲ್ಲಿ ಇಂದಿರಾ ಚರಣ್ ಸಿಂಗ್ ಅವರಿಗೆ ಕೊಟ್ಟಿದ್ದ ಬೆಂಬಲ ವಾಪಸ್ ತೆಗೆದುಕೊಂಡರು. ಚರಣ್ ಸಿಂಗ್ ಸದನಕ್ಕೆ ಹೋಗುವ ಬದಲು ರಾಷ್ಟ್ರಪತಿ ಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟರು. ಜೊತೆಗೆ ಲೋಕಸಭೆ ವಿಸರ್ಜಿಸಿ ಎಂದು ಸಲಹೆಯನ್ನೂ ಕೊಟ್ಟರು. ಪ್ರಧಾನಿಯಾಗಿ ಸಂಸತ್ತನ್ನು ಒಂದು ದಿನವೂ ಎದುರಿಸದವರು ಅವರೊಬ್ಬರೇ. ಇತ್ತ ಮೊರಾರ್ಜಿ ಪಕ್ಕಕ್ಕೆ ಸರಿದು, ಜಗಜೀವನ್ ರಾಂ ಜನತಾ ಪಕ್ಷದ ಸಂಸದೀಯ ನಾಯಕರಾಗಿದ್ದರು. "ನನಗೆ ಅವಕಾಶ ಕೊಡಿ" ಎಂದು ಅವರು ಕೇಳಿದರು. ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಇವರಿಬ್ಬರ ಹೆಸರೇ ಅಲ್ವಾ ಎದುರುಬದುರು ಇದ್ದದ್ದು?

ಆಗಸ್ಟ್ 22ರಂದು ರಾಷ್ಟ್ರಪತಿ ಲೋಕಸಭೆಯನ್ನು ವಿಸರ್ಜಿಸಿದರು. ಜಗಜೀವನ್ ರಾಂ ಅವರಿಗೆ ಅವಕಾಶ ಸಿಗಲಿಲ್ಲ.

ರೆಡ್ಡಿಯವರ ಪರವಾಗಿ ಹೇಳಬಹುದಾದ್ದು ಇಷ್ಟಿದೆ. ಸಂಸದರು ದಿನಕ್ಕೊಂದು ಕಡೆ ವಾಲುತ್ತಿದ್ದರು. ಇನ್ನೊಂದು ಸರ್ಕಾರ ಬಂದರೂ ಪಕ್ಷಾಂತರದ ಮೇಲೇ ನಿಲ್ಲಬೇಕಿತ್ತು. ಪಕ್ಷಾಂತರ ನಿಷೇಧ ಕಾನೂನು ಬಂದದ್ದು 1985ರಲ್ಲಿ. ಜನರ ಮುಂದೆಯೇ ಹೋಗಲಿ ಅನ್ನುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವ ಮಾತೇ. ಚುನಾವಣೆಯ ತನಕ ಮುಂದುವರಿಯುವ ಉಸ್ತುವಾರಿ ಸರ್ಕಾರ ಹೊಸ ನೀತಿ ತರುವಂಥ ತೀರ್ಮಾನ ಮಾಡಬಾರದು ಎಂಬ ಮಿತಿಯನ್ನೂ ಅವರು ಎಳೆದರು. ಮುಂದಿನವರಿಗೆ ಅದು ಒಳ್ಳೆಯ ಮೇಲ್ಪಂಕ್ತಿ ಆಯಿತು.

ಆದರೂ ನನ್ನ ಪ್ರಕಾರ ವಿಸರ್ಜನೆ ಅವಸರದ ಕೆಲಸ. ಸದನದ ವಿಶ್ವಾಸವನ್ನು ಒಂದು ಸಲವೂ ಪಡೆಯದ ಪ್ರಧಾನಿಯ ಸಲಹೆಗೆ ಎಷ್ಟು ತೂಕ? ವಿಶ್ವಾಸ ಗೆದ್ದ ಪ್ರಧಾನಿ ವಿಸರ್ಜನೆ ಕೇಳಿದರೆ ಅದರ ಮಾತೇ ಬೇರೆ. ಚರಣ್ ಸಿಂಗ್ ಅವರಿಗೆ ಹಾಕಿದ ಷರತ್ತನ್ನೇ ಜಗಜೀವನ್ ರಾಂ ಅವರಿಗೂ ಹಾಕಬಹುದಿತ್ತು. "ಹತ್ತು ದಿನದಲ್ಲಿ ಸದನದಲ್ಲಿ ಬಹುಮತ ತೋರಿಸಿ, ಆಗದಿದ್ದರೆ ಚುನಾವಣೆ" ಅಂದಿದ್ದರೆ ಯಾರೂ ಮಾತಾಡುವ ಹಾಗಿರಲಿಲ್ಲ. ದೇಶಕ್ಕೆ ಮೊದಲ ದಲಿತ ಪ್ರಧಾನಿ ಸಿಗಬಹುದಿತ್ತು ಎಂಬುದನ್ನೂ ಮರೆಯುವ ಹಾಗಿಲ್ಲ. ಹಳೆಯ ಸೇಡು ತೀರಿಸಿಕೊಂಡರು ಎಂದು ಕೆಲವರು ಆಡುತ್ತಾರೆ. ಅದಕ್ಕೆ ಆಧಾರ ಇಲ್ಲ, ನಾನು ಒಪ್ಪುವುದಿಲ್ಲ. ತಾವು ಯಾರ ಹಂಗಿಗೂ ಒಳಗಾಗದೆ ತೀರ್ಮಾನಿಸಿದ್ದು ಎಂದು ರೆಡ್ಡಿ ಕೊನೆಯ ತನಕ ನಂಬಿದ್ದರು. ತಪ್ಪು ತೀರ್ಮಾನವನ್ನು ಪ್ರಾಮಾಣಿಕವಾಗಿ ಮಾಡಲು ಸಾಧ್ಯ, ಇದು ಅಂಥದ್ದು ಅಂತ ನನಗೆ ಅನಿಸುತ್ತದೆ.

1980ರ ಜನವರಿ ಚುನಾವಣೆಯಲ್ಲಿ ಇಂದಿರಾ 353 ಸ್ಥಾನ ಗೆದ್ದರು. ಜನವರಿ 14ರಂದು ಅವರಿಗೆ ಪ್ರಮಾಣ ವಚನ ಬೋಧಿಸಿದವರು ಸಂಜೀವ ರೆಡ್ಡಿ. 1982ರ ಜುಲೈ 25ಕ್ಕೆ ಅವಧಿ ಮುಗಿಯುವ ತನಕ ಇಬ್ಬರೂ ಸಂವಿಧಾನದ ಗೆರೆಯೊಳಗೇ ನಡೆದುಕೊಂಡರು. ಬೀಳ್ಕೊಡುಗೆ ಭಾಷಣದಲ್ಲಿ ರೆಡ್ಡಿ, ಬಂದ ಸರ್ಕಾರಗಳೆಲ್ಲ ಬಡಜನರ ಬದುಕು ಸುಧಾರಿಸುವುದರಲ್ಲಿ ಸೋತಿವೆ ಎಂದರು. ಗಟ್ಟಿ ವಿರೋಧ ಪಕ್ಷ ಬೇಕು ಎಂದೂ ಹೇಳಿದರು.

ಪಟ್ಟಿ ಎಣಿಸಿ ಸರ್ಕಾರ ಮಾಡುವ ಆ ಪ್ರಶ್ನೆ ಮುಂದೆ ನಮ್ಮ ರಾಜ್ಯಕ್ಕೇ ಬಂತು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳನ್ನು ನಂಬಿ ರಾಜ್ಯಪಾಲರು ದಿಲ್ಲಿಗೆ ವರದಿ ಕಳಿಸಿದರು. ಅದರಲ್ಲಿ ಏಳು ಜನ ಮರುದಿನವೇ ಮಾತು ಬದಲಿಸಿದರು. ಆದರೂ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಆ ರಾಜ್ಯಪಾಲರು ಪೆಂಡೆಕಂಟಿ ವೆಂಕಟಸುಬ್ಬಯ್ಯ, ನಂದ್ಯಾಲದಲ್ಲಿ ರೆಡ್ಡಿಯವರ ಎದುರು ಸೋತವರು. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನ ಆಗಬೇಕು ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಬೊಮ್ಮಾಯಿ ಪ್ರಕರಣದಲ್ಲಿ ಹೇಳಿತು. ಪರೀಕ್ಷೆಗೆ ಓದುವಾಗ 1979ನ್ನೂ ಈ ತೀರ್ಪನ್ನೂ ಒಟ್ಟಿಗೆ ಓದಿ, ಚೆನ್ನಾಗಿ ತಲೆಯಲ್ಲಿ ಕೂರುತ್ತದೆ.

ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ ಎಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಕರೆದಿದ್ದರು. ರೆಡ್ಡಿ ಅನಂತಪುರದ ತಮ್ಮ ಹೊಲಕ್ಕೇ ಹೋದರು. ಕೊನೆಯುಸಿರು ಎಳೆದದ್ದು ಮಾತ್ರ ಬೆಂಗಳೂರಿನಲ್ಲಿ, ನ್ಯುಮೋನಿಯಾದಿಂದ, 83ನೇ ವಯಸ್ಸಿನಲ್ಲಿ. ಅಂದು 1996ರ ಜೂನ್ 1. ಕೆಲವೇ ದಿನಗಳ ಹಿಂದೆ ವಾಜಪೇಯಿಯವರು ಲೋಕಸಭೆಯಲ್ಲಿ ಚರ್ಚೆ ಎದುರಿಸಿ, ಬಹುಮತ ಇಲ್ಲ ಎಂದು ರಾಜೀನಾಮೆ ಕೊಟ್ಟಿದ್ದರು. ಆ ಜೂನ್ 1ರಂದೇ ದಿಲ್ಲಿಯಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣ ವಚನ ತೆಗೆದುಕೊಂಡರು.